ಭರಣಿಗೆ ಕೈ ಹಾಕಿದವರು

ತೊಂಬತ್ತೆಂಟರ ಬೇಸಿಗೆ. ಭೋಸರಿಯ ಕಾರ್ಖಾನೆಯೊಂದರಲ್ಲಿ ಕುಲುಮೆ ಮಿತಿಮೀರಿ ಕಾದರೂ ಎಚ್ಚರಿಕೆಯ ಗಂಟೆ ಹೊಡೆಯಲಿಲ್ಲ. ಪುಣ್ಯಕ್ಕೆ ಹತ್ತಿರ ಯಾರೂ ಇರಲಿಲ್ಲ. ಗಂಟೆ ಹೊಡೆಸುವ ಪ್ರೋಗ್ರಾಂ ಬರೆದವಳು ಸಾಫ್ಟ್‌ವೇರ್ ಕಂಪನಿಯೊಂದರ ಮಾಧುರಿ. ಅಲ್ಲಿಗೆ ತಪ್ಪೂ ಅವಳದೇ ಎಂದು ಆಫೀಸು ತೀರ್ಮಾನಿಸಿಬಿಟ್ಟಿತು. ಸಂಜೆಯೊಳಗೆ ಸರಿಯಾಗದಿದ್ದರೆ ಅವಳನ್ನು ಈ ಕೆಲಸದಿಂದ ತೆಗೆಯುವುದೇ ಸೈ ಎಂದ ಮುಖ್ಯಸ್ಥ ಶಿವಪ್ರಕಾಶ. ಅವನೂ ಅವಳಂತೆ ವಿಜಾಪುರದವನೇ, ಆದರೆ ಊರಿನವಳೆಂಬ ಕರುಣೆಯೇನೂ ತೋರಲಿಲ್ಲ.

ಮಾಧುರಿ ತನ್ನ ಕೋಡನ್ನು ಅಕ್ಷರ ಅಕ್ಷರ ನೋಡಿದಳು. ಮಿತಿ ಎಂಟುನೂರೈವತ್ತು ಡಿಗ್ರಿ ಎಂದೇ ಇತ್ತು. ಪ್ರೋಗ್ರಾಂ ಓಡುವಾಗ ಮಾತ್ರ ಅದು ಒಂಬೈನೂರೈವತ್ತಾಗುತ್ತಿತ್ತು. ಯಾರದೋ ಕೋಡು ನಡುವೆ ಅದನ್ನು ಬದಲಿಸುತ್ತಿತ್ತು. ಕೆಲಸ ಬೇಗ ಮುಗಿಯಲೆಂದು ಮಿತಿಯನ್ನು ‘ಪಬ್ಲಿಕ್’ ಆಗಿಡಲು ಹೇಳಿದವನು ಶಿವಪ್ರಕಾಶನೇ. ಎಂದರೆ ಯಾರ ಕೋಡು ಬೇಕಾದರೂ ಅದನ್ನು ಮುಟ್ಟಬಹುದು. ಕೇಳಿದರೆ ಎಲ್ಲರೂ ನಾನಲ್ಲ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಒಬ್ಬನೂ ಇರಲಿಲ್ಲ.

ಆಗ ಅವಳಿಗೆ ಧನಕವಡಿಯ ತನ್ನ ಮನೆಯ ಉಪ್ಪಿನಕಾಯಿ ಭರಣಿ ನೆನಪಾಯಿತು. ಅತ್ತೆ ಪಾರವ್ವ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಕೇಳಿದವರಿಗೆ ತಾನೇ ಒಣ ಚಮಚದಿಂದ ತೆಗೆದು ಬಡಿಸುತ್ತಿದ್ದಳು. ಹೋದ ವರ್ಷ ಅವಳು ದೇಹೂ ರೋಡಿನ ಮಗಳ ಮನೆಗೆ ಹೋದಾಗ ಭರಣಿ ಎಲ್ಲರದಾಯಿತು. ತಿರುಗಿ ಬಂದು ನೋಡಿದರೆ ಬೂಸ್ಟು ಹಿಡಿದಿತ್ತು. ಒದ್ದೆ ಚಮಚ ಹಾಕಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಮಾಧುರಿ ಹಲ್ಲು ಕಚ್ಚಿ ಒಂದೇ ಪದ ಬದಲಿಸಿದಳು. ‘ಪಬ್ಲಿಕ್’ ಅಳಿಸಿ ‘ಪ್ರೈವೇಟ್’ ಎಂದು ಬರೆದಳು. ಇನ್ನು ಅವಳ ಕ್ಲಾಸಿನ, ಎಂದರೆ ಅವಳು ಬರೆದ ಭಾಗದ, ಹೊರಗಿನ ಕೋಡು ಮಿತಿಯನ್ನು ಮುಟ್ಟುವಂತಿಲ್ಲ. ಕೋಡನ್ನು ಯಂತ್ರದ ಭಾಷೆಗೆ ಇಳಿಸಲು ಕಂಪೈಲ್ ಮಾಡಿದ ಕೂಡಲೇ ಪರದೆಯ ತುಂಬ ತಪ್ಪುಗಳ ಸಾಲು ಇಳಿಯಿತು. ಎಲ್ಲಾ ಕೆಡಿಸಿಬಿಟ್ಟಳೆಂದು ಪಕ್ಕದವರು ತಲೆಗೆ ಕೈ ಹಚ್ಚಿದರು. ಅವಳಿಗೆ ಮಾತ್ರ ಹಿಗ್ಗು. ಭರಣಿಗೆ ಕೈ ಹಾಕಿದವರೆಲ್ಲರ ಹೆಸರನ್ನು ಯಂತ್ರವೇ ಕೂಗಿ ಹೇಳುತ್ತಿತ್ತು.

ಒಂದೊಂದನ್ನೇ ತೆರೆದು ನೋಡಿದಳು. ಬಹಳಷ್ಟು ಕಡೆ ಮಿತಿಯನ್ನು ಬರೀ ಓದಿದ್ದರು. ಒಂದು ಕಡೆ ಮಾತ್ರ, ಮಿತಿ ಒಂಬೈನೂರೈವತ್ತು ಇದೆಯೇ ಎಂದು ಕೇಳಲು ಎರಡು ಸಮಚಿಹ್ನೆ ಹಾಕಬೇಕಾದಲ್ಲಿ ಒಂದೇ ಹಾಕಿದ್ದರು. ಕೇಳಿದ್ದು ಹೋಗಿ, ಒಂಬೈನೂರೈವತ್ತು ಮಾಡು ಎಂಬ ಅಪ್ಪಣೆಯಾಗಿತ್ತು. ಆ ಫೈಲು ಶಿವಪ್ರಕಾಶನದು.

ಅವನು ಬಂದು ನೋಡಿದ. ಮುಖ ಸಣ್ಣದಾಯಿತು. ಆ ಸಾಲೊಂದನ್ನು ತಿದ್ದಿ ಮತ್ತೆ ಪಬ್ಲಿಕ್ ಮಾಡಿಬಿಡಿ, ಉಳಿದದ್ದನ್ನೆಲ್ಲ ಸರಿಮಾಡುತ್ತ ಕೂತರೆ ಹೊತ್ತಾಗುತ್ತದೆ ಎಂದು ಮೆಲ್ಲಗೆ ಹೇಳಿದ.

“ಆಗಂಗಿಲ್ರಿ ಸರ್,” ಎಂದಳು ಮಾಧುರಿ. “ಹೊತ್ತಾದ್ರ ಆಗ್ಲಿ. ಎಲ್ಲಾ ತಿದ್ದೇ ಮನಿಗೆ ಹೋಗ್ತೀನಿ.”

“ನನಗೂ ಬಾಗಲಾ ಹಾಕೀರೇನು?”

“ನಿಮಗ ಮೊದಲ್ರಿ. ಬೇಕಾದಾಗ ಕೇಳ್ರಿ, ಬಡಸ್ತೀನಿ.”

ಶಿವಪ್ರಕಾಶ ಕುರ್ಚಿ ಎಳೆದು ಅವಳ ಪಕ್ಕ ಕೂತು, ತನ್ನ ಕೋಡು ಮಿತಿಯನ್ನು ಕೇಳುವುದು ಹೇಗೆಂದು ಕೇಳಿದ.