ಸೆಜಿಮ್‌ಳ ಕಾಲಿನ ದಾರ

ಶಾರಿಪಾಳನ್ನು ಯಾರೂ ಯಾವ ಶುಭಕಾರ್ಯಕ್ಕೂ ಮುಂದೆ ನಿಲ್ಲಿಸಿದವರಲ್ಲ. ಮದುವೆಗೆ ಕರೆಯುತ್ತಿದ್ದರು, ಊಟಕ್ಕೆ ಕೂರಿಸುತ್ತಿದ್ದರು, ಪಕ್ಕದಲ್ಲಿದ್ದವರು ಮೆಲ್ಲಗೆ ಕುರ್ಚಿ ಸರಿಸಿಕೊಳ್ಳುತ್ತಿದ್ದರು. ಅಲ್ಮಾಟಿ ನಗರದಲ್ಲಿ ಸಿನಿಮಾದವರ ಮನೆಯ ಮದುವೆಯೆಂದರೆ ಸುಮ್ಮನೆಯೇ? ಪ್ರತಿ ಮೇಜಿನಲ್ಲೂ ಅವಳಿಂದ ಏಟು ತಿಂದವರು ಒಬ್ಬರಾದರೂ ಇರುತ್ತಿದ್ದರು. ಮೂವತ್ತು ವರ್ಷಗಳಿಂದ ಅವಳು ಒಂದೇ ವಾರಪತ್ರಿಕೆಯಲ್ಲಿ ಸಿನಿಮಾ, ಧಾರಾವಾಹಿಗಳ ಬಗ್ಗೆ ಬರೆಯುತ್ತ ಬಂದವಳು. ಚೆನ್ನಾಗಿದ್ದರೆ ಚೆನ್ನಾಗಿದೆ ಎಂದು, ಇಲ್ಲದಿದ್ದರೆ ಇಲ್ಲ ಎಂದು. ಆದರೆ ಹೊಗಳಿದ್ದನ್ನು ಜನ ಮರುದಿನವೇ ಮರೆಯುತ್ತಾರೆ, ತೆಗಳಿದ್ದನ್ನು ಮೊಮ್ಮಕ್ಕಳಿಗೂ ಹೇಳುತ್ತಾರೆ.

ಹಾಗೆಂದು ಅವಳು ಕೊರಗುತ್ತಿದ್ದಳೆಂದಲ್ಲ. ಚಿತ್ರಮಂದಿರದಲ್ಲಿ ದೀಪ ಆರುವ ಗಳಿಗೆ ಅವಳಿಗೆ ಈಗಲೂ ಹಬ್ಬ. ಮನೆಯಲ್ಲಿ ಹಾಲು ಹಾಕಿದ ಕಡು ಚಹಾ, ಕಾಲ ಬುಡದಲ್ಲಿ ಬೆಕ್ಕು, ಎದುರಿಗೆ ಯಾವುದೋ ಹಾಳು ಧಾರಾವಾಹಿ ಇದ್ದರೆ ಮತ್ತೇನೂ ಬೇಡ. ಮದುವೆಯ ಯೋಗ ಕೂಡಿಬರಲಿಲ್ಲ, ಅವಳು ಅದನ್ನು ಹುಡುಕಿಕೊಂಡೂ ಹೋಗಲಿಲ್ಲ. ನೋಡಿದ್ದನ್ನು ಬರೆದು ಹೊಟ್ಟೆ ಹೊರೆಯುವ ಭಾಗ್ಯ ಎಷ್ಟು ಜನಕ್ಕಿದೆ ಎಂದುಕೊಂಡು ಹಾಯಾಗಿದ್ದಳು.

ಆ ಮಂಗಳವಾರ ಅವಳ ಕಚೇರಿಗೆ ಒಬ್ಬ ಮುದುಕಿ ಬಂದಳು. ತಲೆಗೆ ಬಿಳಿ ವಸ್ತ್ರ, ಕೈಯಲ್ಲಿ ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ, ಬಿಸಿ ಬೌರ್ಸಾಕ್ ತುಂಬಿದ ಚೀಲ. ಹೆಸರು ಉಲ್ಬಿಕೆ. ಊರಲ್ಲಿ ಟ್ರಾಮ್ ನಿಲ್ಲುವವರೆಗೂ ಟ್ರಾಮ್ ಓಡಿಸಿದವಳಂತೆ. ಕೂರು ಎನ್ನುವ ಮೊದಲೇ ಕೂತಳು.

"ನನ್ನ ಮೊಮ್ಮಗಳು ಸೆಜಿಮ್ ಹೆಜ್ಜೆ ಹಾಕೋಕೆ ಶುರು ಮಾಡಿದ್ದಾಳೆ. ಶನಿವಾರ ದಾರ ಕತ್ತರಿಸ್ತೀವಿ. ನೀನು ಬಂದು ಕತ್ತರಿಸ್ಬೇಕು."

ಚೀಲದಿಂದ ಒಂದು ಬೌರ್ಸಾಕ್ ತೆಗೆದು ಬಾಯಿಗಿಡುತ್ತಿದ್ದ ಶಾರಿಪಾ ಅದನ್ನು ಮೇಜಿನ ಮೇಲಿಟ್ಟಳು. ಮಗು ನಡೆಯಲು ಕಲಿತಾಗ ಅದರ ಎರಡೂ ಕಾಲಿಗೆ ಸೇರಿಸಿ ದಾರ ಕಟ್ಟುತ್ತಾರೆ. ಅದನ್ನು ಯಾರು ಕತ್ತರಿಸುತ್ತಾರೋ ಅವರ ನಡೆ, ಗುಣ ಮಗುವಿಗೆ ಬರುತ್ತದೆಂದು ನಂಬಿಕೆ. ಅದಕ್ಕೇ ಜನ ಅಳೆದು ತೂಗಿ ಆರಿಸುತ್ತಾರೆ. ಬಿರಬಿರನೆ ನಡೆಯುವವರು, ಮನೆ ತುಂಬ ಮಕ್ಕಳಿರುವವರು, ಹಿಡಿದ ಕೆಲಸ ಕೈಗೂಡಿದವರು. ಕತ್ತಲಲ್ಲಿ ಕುರ್ಚಿ ಸವೆಸಿದ, ಮಂಡಿನೋವಿನ ಒಂಟಿ ಹೆಂಗಸನ್ನು ಯಾರಾದರೂ ಕರೆಯುತ್ತಾರೆಯೇ?

"ಆಪಾ, ನಿಮಗೆ ಬೇರೆ ಯಾರೂ ಸಿಗಲಿಲ್ವಾ?"

"ಸಿಕ್ಕಿದ್ರು. ಬೇಡ ಅಂದೆ. ನಮ್ಮ ಡಿಪೋದಲ್ಲಿ ನಿನ್ನ ಪುಟಾನ ನಾನು ಎಲ್ಲರಿಗೂ ಜೋರಾಗಿ ಓದಿ ಹೇಳ್ತಿದ್ದೆ. ನೀನು ಚೆನ್ನಾಗಿಲ್ಲ ಅಂದ ಸಿನಿಮಾಗೆ ಬೇಕಂತಲೇ ಹೋಗಿ, ನಿನಗೆ ಬೈಯೋಕೆ ಅಂತ ಕೂತ್ಕೋತಿದ್ದೆ."

"ಬೈದ್ರಾ?"

"ಅರ್ಧ ಸಲ." ಮುದುಕಿ ಎದ್ದಳು. ಬಾಗಿಲ ಬಳಿ ತಿರುಗಿ, "ನನ್ನ ಮಗ ಎಲ್ದೋಸ್, ಸೆಜಿಮ್‌ಳ ಅಪ್ಪ, ನಿನಗೆ ಗೊತ್ತಿರ್ಬೇಕಲ್ಲ. ಹೊಸಾ ಧಾರಾವಾಹಿ ಮಾಡಿದ್ದಾನೆ" ಎಂದಳು.

ಗೊತ್ತಿತ್ತು. ಆ ವಾರ ಶಾರಿಪಾ ವಿಮರ್ಶೆ ಬರೆಯಬೇಕಿದ್ದದ್ದೇ ಆ ಧಾರಾವಾಹಿಗೆ. "ಆಪಾ, ಅವನೇ ಕಳಿಸಿದ್ನಾ ನಿಮ್ಮನ್ನ?" ಎಂದು ನೇರವಾಗಿಯೇ ಕೇಳಿದಳು.

"ಅವನಾ? ನಿನ್ನ ಹೆಸರು ಕೇಳಿ ಬೆವತು ಹೋದ. ಆರಿಸಿದವಳು ನಾನು."

ಅಂದು ಶಾರಿಪಾ ಮನೆಗೆ ನಡೆದೇ ಹೋದಳು, ಮಂಡಿನೋವು ನೆನಪಾಗಲಿಲ್ಲ. ಯಾರದೋ ಮಗು ತನ್ನಂತೆ ಆಗಲಿ ಎಂದು ಯಾರೋ ಬಯಸಿದ್ದಾರೆ! ದಾರಿಯಲ್ಲಿ ಅಂಗಡಿಗೆ ನುಗ್ಗಿ ಮಗುವಿಗೊಂದು ಕೆಂಪು ಅಂಗಿ ಕೊಂಡಳು. ಅವಳಿಗೆ ಎಷ್ಟು ಖುಷಿಯಾಗಿತ್ತೆಂದರೆ ಬೆಕ್ಕಿಗೂ ಅಂಗಿ ತೋರಿಸಿದಳು.

ಬುಧವಾರ ಕೂತು ಎಲ್ದೋಸನ ಧಾರಾವಾಹಿಯ ಎಲ್ಲ ಕಂತುಗಳನ್ನೂ ನೋಡಿದಳು. ಮೊದಲ ಕಂತಿಗೇ ಅವಳ ಮುಖ ಸಪ್ಪಗಾಯಿತು. ಅತ್ತೆ, ಸೊಸೆ, ಒಂದು ಇಕ್ಕಟ್ಟಾದ ಮನೆ. ಹುಡುಗನಿಗೆ ಕಣ್ಣಿತ್ತು, ಧೈರ್ಯವಿರಲಿಲ್ಲ. ಪಾತ್ರಗಳು ಮನಸ್ಸಿನಲ್ಲಿದ್ದದ್ದನ್ನೆಲ್ಲ ಬಾಯಿಬಿಟ್ಟು ವಿವರಿಸುತ್ತಿದ್ದವು. ಯಾರಾದರೂ ಅಳುವ ಮೊದಲೇ ಪಿಟೀಲು ಅತ್ತುಬಿಡುತ್ತಿತ್ತು. ನಡುವೆ ಒಂದೇ ಒಂದು ದೃಶ್ಯ, ಮುದುಕನೊಬ್ಬ ಕೆಟ್ಟ ಇಸ್ತ್ರಿಪೆಟ್ಟಿಗೆಯನ್ನು ಬಿಚ್ಚಿ ಸರಿಮಾಡುವುದು, ಅವಳನ್ನು ಮುಂದಕ್ಕೆ ಬಾಗಿ ಕೂರುವಂತೆ ಮಾಡಿತು. ಮಿಕ್ಕದ್ದೆಲ್ಲ ನೀರಾದ ಸಾರು.

ಗುರುವಾರ ಬೆಳಿಗ್ಗೆ ಅವಳು ಬರೆದಳು. ಬೆರಳು ತಾನಾಗಿಯೇ ಮೆತ್ತಗಾಯಿತು. 'ಭರವಸೆಯ ನಿರ್ದೇಶಕ', 'ಮನೆಮಂದಿಯೆಲ್ಲ ಕೂತು ನೋಡಬಹುದಾದ', 'ಹೃದಯಸ್ಪರ್ಶಿ'. ಕೊನೆಯ ಆ ಪದವನ್ನು ಅವಳು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಬಳಸಿರಲಿಲ್ಲ. ಕಚೇರಿಯವರಿಗೆ ತೋರಿಸಲೆಂದು ತಂದಿದ್ದ ಕೆಂಪು ಅಂಗಿ ಕುರ್ಚಿಯ ಬೆನ್ನಿಗೆ ಚೀಲದಲ್ಲಿ ತೂಗುತ್ತಿತ್ತು. ನಿಜ ಬರೆದರೆ ಶನಿವಾರ ಯಾವ ಮುಖ ಹೊತ್ತು ಹೋಗುವುದು? ಕರೆದವರು ತಾನೇ ಮತ್ತೆ ಕರೆಯುತ್ತಾರೆಯೇ? ಒಂದು ವಾರ ಸುಳ್ಳು ಹೇಳಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂದುಕೊಂಡು ಸಂಪಾದಕ ಕೈಸಾರ್‌ನ ಮೇಜಿನ ಮೇಲೆ ಪುಟ ಇಟ್ಟಳು.

ಕೈಸಾರ್ ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಗೌರವಕ್ಕೆ 'ಶಾಕೆ' ಎನ್ನುತ್ತಿದ್ದ. ಓದಿ ಕನ್ನಡಕ ತೆಗೆದ.

"ಶಾಕೆ, ಇದು ನೀವೇ ಬರೆದದ್ದಾ? ಮದುವೆ ಮನೇಲಿ ಮೈಕ್ ಹಿಡಿಯೋನು ಬರೆದ ಹಾಗಿದೆ."

"ಚೆನ್ನಾಗಿಲ್ವಾ?"

"ಚೆನ್ನಾಗಿದೆ ಬಿಡಿ, ಹಾಕ್ತೀನಿ. ಯಾರಿಗೂ ನೋವಾಗಲ್ಲ."

"ಕೊಡೋ ಇಲ್ಲಿ" ಎಂದು ಅವಳು ಪುಟ ಕಿತ್ತುಕೊಂಡಳು. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂದಿತ್ತು. ಹರಿದು ಬುಟ್ಟಿಗೆ ಹಾಕಿ, ಮತ್ತೆ ಕೂತು ಬರೆದಳು. ಪಿಟೀಲಿನ ಬಗ್ಗೆ ಬರೆದಳು. ನಾಲ್ಕನೇ ಕಂತಿನ ಅತ್ತೆ ವಾರ್ತೆ ಓದುವವಳ ಹಾಗೆ ಸಂಕಟ ತೋಡಿಕೊಳ್ಳುತ್ತಾಳೆ ಎಂದು ಬರೆದಳು. ಇಸ್ತ್ರಿಪೆಟ್ಟಿಗೆಯ ದೃಶ್ಯಕ್ಕೆ ಸಲ್ಲಬೇಕಾದದ್ದನ್ನೂ ಸಲ್ಲಿಸಿದಳು. ಕೈಸಾರ್ ಅಚ್ಚಿಗೆ ಕಳಿಸಿದ. ಅವಳು ಕೆಂಪು ಅಂಗಿಯನ್ನು ಮನೆಗೆ ಒಯ್ದು ಬೀರುವಿನೊಳಗೆ ಇಟ್ಟಳು, ಸ್ವಲ್ಪ ಅತ್ತಳು.

ಶುಕ್ರವಾರ ಪತ್ರಿಕೆ ಬಂತು. ಫೋನು ಬರಲಿಲ್ಲ. ಅಲ್ಲಿಗೆ ಮುಗಿಯಿತು ಎಂದುಕೊಂಡಳು.

ಶನಿವಾರ ಬೆಳಿಗ್ಗೆ ಫೋನು ಬಂತು.

"ಎಲ್ದೋಸ್ ನಿನ್ನೆಯಿಂದ ಊಟ ಮುಟ್ಟಿಲ್ಲ" ಎಂದಳು ಉಲ್ಬಿಕೆ. "ನೀನು ಬಂದ್ರೆ ತಾನು ಮನೇಲಿರಲ್ಲ ಅಂತಾನೆ."

"ಗೊತ್ತಾಯ್ತು ಆಪಾ. ನಾನು ಬರಲ್ಲ, ನೀವು ಬೇರೆಯವರನ್ನ..."

"ನಾನು ಅವನಿಗೆ ಬಾಗಿಲು ತೋರಿಸಿದೀನಿ. ನೀನು ಬೇಗ ಬಾ, ಮಗು ನಿದ್ದೆ ಮಾಡೋ ಮುಂಚೆ."

ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆಲದುದ್ದಕ್ಕೂ ಬಿಳಿ ಬಟ್ಟೆ ಹಾಸಿದ್ದರು. ಅಡುಗೆಮನೆಯಿಂದ ಬೇಯುವ ಮಾಂಸದ ವಾಸನೆ ಬರುತ್ತಿತ್ತು. ಬಟ್ಟೆಯ ಒಂದು ತುದಿಯಲ್ಲಿ ಗುಂಡಗಿನ ಸೆಜಿಮ್ ಅಮ್ಮನ ಬೆರಳು ಹಿಡಿದು ನಿಂತಿದ್ದಳು. ಕಾಲಿಗೆ ಕಪ್ಪು, ಬಿಳಿ ಉಣ್ಣೆಯನ್ನು ಹೊಸೆದು ಕಟ್ಟಿದ್ದ ದಾರ. ಮಗು ಕಪ್ಪು ಯಾವುದು ಬಿಳಿ ಯಾವುದು ಎಂದು ತಿಳಿದು ಬಾಳಲಿ ಎಂದು ಹಾಗೆ ಹೊಸೆಯುತ್ತಾರೆ.

ಶಾರಿಪಾ ಒಳಗೆ ಬಂದದ್ದೇ ತಡ, ಉಲ್ಬಿಕೆಯ ತಂಗಿ ಬಾಯಿ ಬಿಟ್ಟಳು. "ಇವಳ ಕೈಲಾ ಅಕ್ಕಾ? ಕೂಸು ನಾಳೆ ಊರೆಲ್ಲಾ ಬೈಕೊಂಡು ತಿರುಗುತ್ತೆ ನೋಡು!"

ನಾಲ್ಕು ಜನ ನಕ್ಕರು. ಉಲ್ಬಿಕೆ ನಗಲಿಲ್ಲ. ಶಾರಿಪಾಳ ಕೈಗೆ ಕತ್ತರಿ ಕೊಟ್ಟು ಎಲ್ಲರಿಗೂ ಕೇಳುವಂತೆ ಹೇಳಿದಳು: "ಇವಳು ತಪ್ಪು ಬರೆದದ್ದು ಬೇಕಾದಷ್ಟಿದೆ. ಹೆದರಿ ಬರೆದದ್ದು ಒಂದೂ ಇಲ್ಲ. ನನ್ನ ಮೊಮ್ಮಗಳಿಗೆ ಆ ಗುಣ ಬೇಕು."

ಶಾರಿಪಾ ಬಗ್ಗಿದಳು. ದಾರದ ಹತ್ತಿರ ಕತ್ತರಿ ಹೋಯಿತು, ಅಲ್ಲೇ ನಿಂತಿತು. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಸುಳ್ಳಿನ ಮೇಲೆ ಮಗುವಿನ ಕಾಲು ಬಿಡಿಸುವುದಕ್ಕೆ ಅವಳ ಕೈ ಏಳಲಿಲ್ಲ.

"ಆಪಾ, ಈ ವಾರ ಹೆದರಿದ್ದೆ. ಮೊದಲು ಹೊಗಳಿಯೇ ಬರೆದದ್ದು. ಸಂಪಾದಕನ ಕೈಗೂ ಕೊಟ್ಟಿದ್ದೆ."

ತಂಗಿ "ಹ್ಞೂಂ" ಎಂದಳು.

"ಯಾಕೆ ಹೆದರಿದೆ?" ಉಲ್ಬಿಕೆ ಕೇಳಿದಳು.

"ಈ ಕತ್ತರಿ ಕೈತಪ್ಪಿ ಹೋಗುತ್ತೆ ಅಂತ."

"ಆಮೇಲೆ?"

"ವಾಪಸ್ ಇಸ್ಕೊಂಡು ಹರಿದು ಹಾಕಿದೆ."

ಮುದುಕಿ ಬಗ್ಗಿ ಮಗುವಿನ ಕಾಲಿನ ದಾರವನ್ನು ಸರಿಮಾಡಿದಳು. "ಈಗ ಕತ್ತರಿ ಎಲ್ಲಿದೆ?"

"ಕೈಲೇ ಇದೆ."

"ಮತ್ತೆ ಕತ್ತರಿಸೇ, ಮಗು ಎಷ್ಟೊತ್ತು ನಿಂತಿರ್ಬೇಕು?"

ಕತ್ತರಿಸಿದಳು. ಹೆಂಗಸರು ಮಗುವಿನ ತಲೆಯ ಮೇಲೆ ಮಿಠಾಯಿ ಎರಚಿದರು. ಸೆಜಿಮ್ ಮಿಠಾಯಿಯನ್ನು ಲೆಕ್ಕಿಸದೆ, ಅಮ್ಮನ ಬೆರಳನ್ನೂ ಬಿಟ್ಟು, ಬಿಳಿ ಬಟ್ಟೆಯುದ್ದಕ್ಕೂ ತಪತಪ ಓಡಿ ಬಾಗಿಲಲ್ಲಿ ನಿಂತಿದ್ದವನ ಮೊಣಕಾಲಿಗೆ ಡಿಕ್ಕಿ ಹೊಡೆದಳು. ಎಲ್ದೋಸ್. ಮೆಟ್ಟಿಲಲ್ಲಿ ಸಿಟ್ಟು ಮಾಡಿಕೊಂಡು ಕೂತಿದ್ದವನು ಒಳಗಿನ ಮಾತು ಕೇಳಿ ಎದ್ದು ಬಂದಿದ್ದ. ಮಗುವನ್ನು ಎತ್ತಿಕೊಂಡ. ಕಣ್ಣು ಕೆಂಪಗಿತ್ತು.

"ಆ ಮೊದಲನೇದು, ಹೊಗಳಿದ್ದು, ನಿಜವಾಗ್ಲೂ ಹರಿದು ಹಾಕಿದ್ರಾ?"

"ಚೂರು ಚೂರು ಮಾಡಿದೆ."

"ಛೆ, ಮಾವನ ಮನೆಯವರಿಗಾದ್ರೂ ತೋರಿಸ್ಬಹುದಿತ್ತು." ಎಲ್ಲರೂ ನಕ್ಕರು. ಅವನು ನಗಲಿಲ್ಲ. "ಆ ನಾಲ್ಕನೇ ಕಂತು ತೆಗೆಯುವಾಗ ನಾನು ಅತ್ತುಬಿಟ್ಟಿದ್ದೆ, ಗೊತ್ತಾ ನಿಮಗೆ?"

"ನೀನು ಅತ್ತುಬಿಟ್ಟೆ ಕಣಪ್ಪ. ನನಗೆ ಅಳೋಕೆ ಜಾಗ ಬಿಡಲಿಲ್ಲ."

ಊಟಕ್ಕೆ ಕೂತಾಗ ಎಲ್ದೋಸ್, ಯಾರೂ ಹೇಳದೆಯೇ, ಶಾರಿಪಾಳ ಪಕ್ಕದಲ್ಲೇ ಕೂತ, ಅವಳ ತಟ್ಟೆಗೆ ಒಳ್ಳೆಯ ತುಂಡುಗಳನ್ನೇ ಆರಿಸಿ ಹಾಕಿದ. ಶಾರಿಪಾ ತಂದಿದ್ದ ಕೆಂಪು ಅಂಗಿ ತೊಟ್ಟ ಸೆಜಿಮ್ ಅವರಿಬ್ಬರ ಬೆನ್ನು ಹಿಡಿದು ಅತ್ತಿತ್ತ ನಡೆಯುತ್ತಿದ್ದಳು.

ತಂಗಿಗೆ ಇನ್ನೂ ಸಮಾಧಾನವಾಗಿರಲಿಲ್ಲ. "ಬಡಿಸ್ತಿರು ನೀನು. ನಾಳೆ ಇವಳು ಬೆಳೆದು ನಿನ್ನ ಸಿನಿಮಾನೇ ಹೀಗೆ ಜಾಡಿಸಿ ಬರೆದ್ರೆ ಏನೋ ಮಾಡ್ತೀಯಾ?"

ಎಲ್ದೋಸ್ ಮಗಳ ಕಡೆ ನೋಡಿದ, ಆಮೇಲೆ ಶಾರಿಪಾಳ ಕಡೆ.

"ಬರೀಲಿ" ಎಂದ. "ಒಂದು ದಿನ ಊಟ ಬಿಡ್ತೀನಿ. ಆಮೇಲೆ ಕೂತು ಓದ್ತೀನಿ."