ಕಾಗದ ಕತ್ತರಿಸಿದ ಕತ್ತರಿ

ನೆಂಟರೆಲ್ಲ ಊರಿಗೆ ಹೋದ ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಹಿಡಿದಿಟ್ಟೆ. ಹಾಲು ಕಾಯಿಸಿದೆ. ಅತ್ತೆ ದುರ್ಗಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದರು.

"ಲೇ ಯಶೋ, ನಿನ್ ಫೋನಲ್ಲಿ ಅವ್ನ ದನಿ ಐತೇನೆ?"

ಇರಲಿಲ್ಲ. ನನ್ನ ಗಂಡ ಹೊನ್ನೇಶ್ ಮನೆಯವರಿಗೆ ಕಳಿಸಿದ್ದೆಲ್ಲ ಒಂದು ದಿನಕ್ಕೆ ತಾನಾಗಿ ಅಳಿಸಿಹೋಗುವಂತೆ ಇಟ್ಟಿದ್ದ. ಮಣ್ಣು ಮುಗಿಸಿ ಬಂದು ನೋಡಿದಾಗ ಅವನ ಕೊನೆಯ ಮಾತೂ ಹೋಗಿತ್ತು.

"ಅಂಗಡಿ ಫೋನಲ್ಲಿರ್ತದೆ. ಓದಕ್ ಬರ್ದಿರೋರ್ಗೆಲ್ಲ ಮಾತಾಡೇ ಕಳಿಸ್ತಿದ್ದ. ತಗಂಬಾ."

ಮೈದುನ ಯೋಗಾನಂದ ಕಾಫಿ ಲೋಟ ಕೆಳಗಿಟ್ಟ. "ಅಂಗಡಿ ಸಾಮಾನು ಕೊಂಡ್ಕಳಕ್ಕೆ ಮಧ್ಯಾಹ್ನ ತರೀಕೆರೆಯೋರು ಬತ್ತಾರೆ ಅತ್ತಿಗೆ. ಕಂಪ್ಯೂಟರು, ಪ್ರಿಂಟರು, ಆ ಫೋನು, ನಂಬರು, ಎಲ್ಲ ಇದ್ದಂಗೇ ತಗಂತಾರೆ. ನೀವು ಲಾಕ್ ತೆಗ್ದುಕೊಟ್ರೆ ಸಾಕು."

"ಇದ್ದಂಗೆ ಅಂದ್ರೆ?"

"ಜನ ಕಳ್ಸಿರೋ ಆಧಾರ್ ಗೀಧಾರ್ ಸಮೇತ. ಹಳೇ ಗಿರಾಕಿ ಬಿಟ್ಟೋಗಬಾರ್ದಂತೆ."

"ಅದು ನಮ್ದಲ್ವಲ್ಲ ಕೊಡೋಕೆ."

"ಅಣ್ಣ ಹೋದ ಅಂದ್ಕೊಂಡಿದ್ದೆ. ಇಲ್ಲೇ, ನಿಮ್ ಬಾಯಲ್ಲೇ ಕೂತವ್ನೆ," ಎಂದ. ಕೋಪವಿರಲಿಲ್ಲ. ಅವನೂ ದಣಿದಿದ್ದ.

ಅಂಗಡಿ ಬೀರೂರಿನ ಸ್ಟೇಷನ್ ರಸ್ತೆಯಲ್ಲಿದೆ. ಜೆರಾಕ್ಸ್, ಆನ್‌ಲೈನ್ ಅರ್ಜಿ. ಒಮ್ಮೆ ಅಜ್ಜಂಪುರದಲ್ಲಿ ನಾವಿಬ್ಬರೂ ಮೆಣಸಿನಕಾಯಿ ಬಜ್ಜಿ ತಿಂದಾಗ, ಕೆಳಗಿನ ಕಾಗದದಲ್ಲಿ ಯಾವುದೋ ಹೆಂಗಸಿನ ಆಧಾರ್ ಇತ್ತು. ಎಣ್ಣೆ ಹತ್ತಿದ ಮುಖ, ಪೂರ್ತಿ ನಂಬರು, ಮನೆ ವಿಳಾಸ. ಹೊನ್ನೇಶ್ ಅದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದು ಒಲೆಗೆ ಹಾಕಿದ. ಆಮೇಲೆ ದಿನಾ ಸಂಜೆ ಬಾಗಿಲೆಳೆಯುವ ಮುಂಚೆ ಜನ ಕಳಿಸಿದ್ದನ್ನೆಲ್ಲ ಅಳಿಸುತ್ತಿದ್ದ, ಹಾಳಾದ ಪ್ರತಿಗಳನ್ನು ಕತ್ತರಿಸುತ್ತಿದ್ದ. ಓಟಿಪಿಯನ್ನು ಗಟ್ಟಿಯಾಗಿ ಹೇಳಿದವರನ್ನು ಬೈಯುತ್ತಿದ್ದ.

ಎದೆನೋವು ಬಂದದ್ದು ಮಧ್ಯಾಹ್ನ. ಕಡೂರಿನ ಆಸ್ಪತ್ರೆ ತಲುಪಲಿಲ್ಲ. ಆ ದಿನದ್ದು ಮಾತ್ರ ಹಾಗೇ ಉಳಿದಿತ್ತು.

ಪಾಸ್‌ವರ್ಡ್ ನನಗೆ ಗೊತ್ತಿತ್ತು. ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ. ಎಲ್ಲೂ ಬರೆದಿಡಲು ಬಿಡದೆ ಆಗಾಗ ನನ್ನ ಕೈಯಲ್ಲೇ ಟೈಪ್ ಮಾಡಿಸುತ್ತಿದ್ದ. ಯಾಕೆ ಎಂದು ಕೇಳಿದರೆ, "ಇರ್ಲಿ ಕಣೇ," ಎನ್ನುತ್ತಿದ್ದ.

ಅಂಗಡಿಗೆ ಹೋಗಿ ಜನ ಕಳಿಸಿದ್ದನ್ನು ಅಳಿಸಲು ಕೂತೆ. ಕಂಪ್ಯೂಟರಿನದು ಬೇಗ ಮುಗಿಯಿತು. ಫೋನನ್ನು ಕೈಗೆತ್ತಿಕೊಂಡು ಆ ದಿನ ಅವನು ಮಾತಾಡಿ ಕಳಿಸಿದ್ದನ್ನು ಹುಡುಕಿದೆ. ಆಮೇಲೆ ಕೇಳಿದೆ.

"ಪಾಪಮ್ಮಾರೇ, ಪಾಸ್‌ಬುಕ್ ಫೋಟೋ ಸಿಕ್ತು. ಮಗನ ಹೆಸ್ರು ಸೇರಿಸ್ಬೇಡಿ ಅಂದ್ರಲ್ಲ, ಸೇರಿಸಿಲ್ಲ."

ಅವನದೇ ದನಿ, ಸ್ವಲ್ಪ ನೆಗಡಿಯಾದಂತೆ. ಆದರೆ ಮಾತು ಪಾಪಮ್ಮನದು. ಅಳಿಸಿದೆ. ಇನ್ನೊಂದರಲ್ಲಿ ದೇವನೂರಿನ ಒಬ್ಬರ ಕಾಯಿಲೆಯ ಹೆಸರಿತ್ತು. ಅದನ್ನೂ ಅಳಿಸಿದೆ. ಹೀಗೇ ಒಂದೊಂದೂ ಯಾರದೋ ಮನೆಯ ವಿಷಯ. ಕೊನೆಗೊಂದು ಉಳಿಯಿತು, ಎರಡು ಮಳಿಗೆ ಆಚೆಯ ಟೈಲರ್ ಶಕುಂತಲಮ್ಮನಿಗೆ ಕಳಿಸಿದ್ದು.

"ಶಕುಂತಲಕ್ಕಾ, ಕತ್ರಿ ನಾಳೆ ತಂದ್ಕೊಡ್ತೀನಿ. ಕಾಗ್ದಕ್ಕೆ ಮುಟ್ಟಿಸಿಲ್ಲ ಕಣಕ್ಕ, ಪರದೆ ಬಟ್ಟೆ ಒಂದೇ ಕತ್ರಿಸಿದ್ದು."

ಹಸಿ ಸುಳ್ಳು. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಿದರೆ ಅಲಗು ಹೋಗುತ್ತದೆ, ಟೈಲರುಗಳು ಅದನ್ನು ಸಹಿಸುವುದಿಲ್ಲ. ನಮ್ಮ ಅಂಗಡಿಗೆ ಪರದೆಯೇ ಇಲ್ಲ.

ಅದರಲ್ಲಿ ಬೇರೆ ಯಾರ ಗುಟ್ಟೂ ಇರಲಿಲ್ಲ. ನನ್ನ ಫೋನಿನಲ್ಲಿ ತಾನಾಗಿ ಅಳಿಸುವುದನ್ನು ನಿಲ್ಲಿಸಿ, ಅದೊಂದನ್ನು ಕಳಿಸಿಕೊಂಡೆ. ಅವನು ಇಟ್ಟಿದ್ದನ್ನು ನಾನು ಬದಲಿಸಿದ್ದು ಅದೇ ಮೊದಲು. ಆಮೇಲೆ ಅಂಗಡಿಯ ಫೋನನ್ನು ಪೂರ್ತಿ ಖಾಲಿ ಮಾಡಿದೆ. ಮೇಜಿನ ಕೆಳಗಿನ ಪ್ರತಿಗಳನ್ನು ಅದೇ ಕತ್ತರಿಯಿಂದ ಮುಖ ಒಂದು ಕಡೆ, ನಂಬರು ಒಂದು ಕಡೆ ಆಗುವಂತೆ ಕತ್ತರಿಸಿದೆ. ಕೈ ನೋಯಿತು.

ಖಾಲಿ ಕಂಪ್ಯೂಟರು, ಫೋನು ಬೇಡವೆಂದು ತರೀಕೆರೆಯವರು ಪ್ರಿಂಟರ್ ಒಂದನ್ನೇ ತೆಗೆದುಕೊಂಡು ಹೋದರು. ಯೋಗಾನಂದ ನನ್ನ ಕಡೆ ನೋಡದೆ ಅವರ ಹಿಂದೆಯೇ ಹೊರಟುಹೋದ.

ಅತ್ತೆ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದರು. ಮತ್ತೆ ಹಾಕಿಸಿಕೊಂಡರು. "ಎಂಗ್ ಸುಳ್ಳೇಳ್ತಾನೆ ನೋಡು," ಎಂದು ಸೆರಗಿನಲ್ಲಿ ಮೂಗೊರೆಸಿಕೊಂಡರು. ಆಮೇಲೆ, "ನಾಳೆ ಅಂದವ್ನೆ. ಕೊಟ್ಬಾ ಹೋಗು."

ಸಂಜೆ ಹೋದೆ. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಡಬಾರದೆಂದು ಕತ್ತರಿಯನ್ನು ಹೊಲಿಗೆ ಮಶಿನಿನ ಹಲಗೆಯ ಮೇಲಿಟ್ಟೆ. ಶಕುಂತಲಮ್ಮ ಒಂದು ಚೂರು ಬಟ್ಟೆಗೆ ಹಾಕಿ ನೋಡಿದರು. ಬಟ್ಟೆ ಅಲಗುಗಳ ನಡುವೆ ಮಡಚಿಕೊಂಡಿತು.

"ಕಾಗ್ದ ಕತ್ರಿಸವ್ನೆ."

"ಹೂಂ ಅಕ್ಕ. ಸಾಣೆ ಹಿಡಿಸಿ ಕೊಡ್ತೀನಿ."

"ನೀನೆಲ್ಲಿ ಅಲೀತೀಯ, ಬಿಡು." ಚೂರು ಬಟ್ಟೆಯನ್ನು ಅಲಗಿನಿಂದ ಬಿಡಿಸುತ್ತ ಕೇಳಿದರು. "ಅವತ್ತು ನಂದೊಂದು ಜೆರಾಕ್ಸು ಕಪ್ಪಗ್ ಬಂತು ಅಂತ ಅಲ್ಲೇ ಬಿಟ್ಟಿದ್ದೆ."

"ಕತ್ರಿಸಾಯ್ತು ಅಕ್ಕ."

ಅವರು ಕತ್ತರಿಯನ್ನು ಎತ್ತಿ, ಮೊದಲಿದ್ದ ಮೊಳೆಗೆ ತೂಗುಹಾಕಿದರು.