ಹೊಸ ಬೆಲ್ಟಿಗೆ ಹಳೇ ಟೆನ್ಷನರ್

ರಿಪೇರಿಯಾಗಿ ಬಂದ ಗಾಡಿ ಮತ್ತೆ ಸದ್ದು ಮಾಡಿದರೆ ಯಾರಿಗೆ ತಾನೇ ತಲೆನೋವಲ್ಲ? ಈ ಮನೆಯಲ್ಲೂ ಅದೇ ಆಯಿತು. ಎಂಜಿನ್ ಬಿಚ್ಚಿ ರಿಪೇರಿ ಮಾಡಿಸಿ ಕಾರು ತಂದು ನಾಲ್ಕೇ ದಿನ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಾನೆಟ್ಟಿನೊಳಗಿಂದ ಕಟಕಟ, ಕಟಕಟ.

ಮನೆಯೊಡೆಯರು ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಒಮ್ಮೆಯೂ ಸ್ಟೀರಿಂಗ್ ಹಿಡಿದವರಲ್ಲ. ಆದರೂ ಎಂಜಿನ್ನಿನ ವಿಷಯ ಬಂದರೆ ಕಂಡಕ್ಟರ್ ರಾಯರ ಮಾತೇ ಕೊನೆ.

"ಹೊಸ ಚಪ್ಪಲಿ ಕಿರ್ ಅನ್ನಲ್ವಾ? ಇದೂ ಹಾಗೇ. ಬಿಸಿಯಾದ್ರೆ ಸರಿಹೋಗುತ್ತೆ" ಎಂದು ರೇಡಿಯೊ ಜೋರು ಮಾಡಿಬಿಟ್ಟರು.

ಕಾರು ಓಡಿಸುವುದು ಅವರ ಹೆಂಡತಿ. ಅವರಿಗೆ ಸಮಾಧಾನವಿಲ್ಲ. ಮಗಳಿಗೆ ಹೆರಿಗೆಯಾಗಿತ್ತು. ತಾಯಿ, ಕೂಸು ಇಬ್ಬರನ್ನೂ ನಾಳೆ ದೂರದ ಆಸ್ಪತ್ರೆಯಿಂದ ಕರೆತರಬೇಕು. ಪಕ್ಕದ ಬೀದಿಯಲ್ಲಿ ಗ್ಯಾರೇಜ್ ಇಟ್ಟಿದ್ದ ತಂಗಿಗೆ ಫೋನ್ ಮಾಡಿದರು. ಹಿತ್ತಲ ಗಿಡ ಮದ್ದಲ್ಲವಲ್ಲ, ರಾಯರು ಅವಳನ್ನು ಬಿಟ್ಟು ಕಾರನ್ನು ಬೇರೆ ಕಡೆ ಕೊಟ್ಟಿದ್ದರು.

ತಂಗಿ ಸ್ಪ್ಯಾನರ್ ಹಿಡಿದೇ ಬಂದಳು. ಕಾರು ಸ್ಟಾರ್ಟ್ ಮಾಡಿಸಿ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು.

"ಅಕ್ಕಾ, ಆಫ್ ಮಾಡು. ಮತ್ತೆ ಸ್ಟಾರ್ಟ್ ಮಾಡ್ಬೇಡ."

"ಬಂದ್ರಪ್ಪಾ ಡಾಕ್ಟ್ರಮ್ಮ!" ಎಂದು ರಾಯರು ಛೇಡಿಸಿದರು.

ಅವಳು ನಗುತ್ತಲೇ ಎಂಜಿನ್ ಪಕ್ಕದ ಮುಚ್ಚಳ ಬಿಚ್ಚಿದಳು. "ಭಾವ, ಈ ಹಲ್ಲಿರೋದು ಟೈಮಿಂಗ್ ಬೆಲ್ಟ್. ಅದನ್ನ ಬಿಗಿಯಾಗಿ ಹಿಡಿಯೋ ಈ ಚಕ್ರಾನೇ ಟೆನ್ಷನರ್. ಅಲ್ಲಾಡಿಸಿ ನೋಡಿ."

ರಾಯರು ಮುಟ್ಟಿದರು. ಚಕ್ರ ಬೀಳಲಿರುವ ಹಲ್ಲಿನ ಹಾಗೆ ಅಲುಗಿತು. ಬೆಲ್ಟ್ ಸಡಿಲವಾಗಿ, ಅದರ ಅಂಚು ಸವೆಯತೊಡಗಿತ್ತು.

"ಬೆಲ್ಟ್ ಹೊಸದು, ಟೆನ್ಷನರ್ ಹಳೇದು! ಇದ್ಯಾವ ಬುದ್ಧಿವಂತರ ಕೆಲಸ?" ಎಂದಳು ತಂಗಿ.

ರಾಯರು ಆಕಾಶ ನೋಡಿದರು. "ಆ ಮೆಕ್ಯಾನಿಕ್ ಎರಡೂ ಬದಲಾಯಿಸೋಣ ಅಂದ. ತಿರುಗ್ತಿದೆಯಲ್ಲ, ಹಳೇದನ್ನೇ ಹಾಕಪ್ಪಾ ಅಂತ ನಾನೇ ಹೇಳ್ದೆ."

ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡರು.

"ದಾರೀಲಿ ಬೆಲ್ಟ್ ಹಲ್ಲು ಜಾರಿದ್ರೆ ಎಂಜಿನ್ ಒಳಗಿನ ಭಾಗಗಳೇ ಒಂದಕ್ಕೊಂದು ಬಡೀತವೆ, ಭಾವ. ಕಾರು ಅಲ್ಲೇ ನಿಲ್ಲುತ್ತೆ. ಹಸುಗೂಸನ್ನ ಎತ್ಕೊಂಡು ಬಿಸಿಲಲ್ಲಿ ನಿಲ್ತೀರಾ?"

ರಾಯರ ಮುಖ ಸಣ್ಣದಾಯಿತು. "ತಪ್ಪಾಯ್ತಮ್ಮ. ಏನು ತರ್ಬೇಕು ಹೇಳು, ಈಗ್ಲೇ ಓಡ್ತೀನಿ."

ಸಂಜೆಯೊಳಗೆ ಟೆನ್ಷನರ್, ಬೆಲ್ಟ್ ಎರಡೂ ಹೊಸದಾದವು. ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಬೆಲ್ಟಿನ ಚಕ್ರಗಳ ಮೇಲಿನ ಗುರುತುಗಳು ಸರಿಯಾಗಿ ಕೂತಿವೆಯೇ ಎಂದು ನೋಡಿದ ಮೇಲೆಯೇ ತಂಗಿ ಸ್ಟಾರ್ಟ್ ಮಾಡಿಸಿದಳು. ಕಟಕಟ ಮಾಯ.

ಮರುದಿನ ಆಸ್ಪತ್ರೆಯಿಂದ ಮನೆಗೆ ಮೊಮ್ಮಗಳ ಸವಾರಿ ಹೊರಟಿತು. ಅರ್ಧ ದಾರಿಯಲ್ಲಿ ರಾಯರು ಕೂಗಿದರು: "ನಿಲ್ಸು, ನಿಲ್ಸು! ಏನೋ ಸದ್ದು!"

ಹೆಂಡತಿ ಕಾರನ್ನು ಬದಿಗೆ ತಂದು ಎಂಜಿನ್ ಆಫ್ ಮಾಡಿದರು. ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದರು. ಸದ್ದು ನಿಲ್ಲಲಿಲ್ಲ. ಗೊರ್, ಗೊರ್.

"ಅಪ್ಪಾ," ಮಗಳಿಗೆ ನಗು ತಡೆಯಲಾಗಲಿಲ್ಲ, "ಇದು ನಿಮ್ಮ ಮೊಮ್ಮಗಳ ಗೊರಕೆ!"

ನೀವೂ ರಾಯರ ಹಾಗೆ ಕಿವಿ ತೆರೆದಿಡಿ. ರಿಪೇರಿಯಾಗಿ ಬಂದ ಎಂಜಿನ್ ಕಟಕಟ ಎಂದರೆ 'ಸರಿಹೋಗುತ್ತೆ' ಎಂದು ಓಡಿಸಬೇಡಿ. ಆಫ್ ಮಾಡಿ, ಬಲ್ಲವರಿಗೆ ತೋರಿಸಿ. ಬೆಲ್ಟ್ ಬದಲಿಸುವ ದಿನವೇ ಟೆನ್ಷನರನ್ನೂ ಬದಲಿಸಿ. ಇಷ್ಟಾಗಿ, ನಿಲ್ಲಿಸಿ ನೋಡಿದಾಗ ಅದು ಕೂಸಿನ ಗೊರಕೆಯೇ ಆಗಿದ್ದರೆ, ನಕ್ಕು ಮುಂದೆ ಹೊರಡಿ.